ತರಗತಿಯ ಆಳಿಕೆ

ತರಗತಿಯೊಂದು ಸದ್ದಿಲ್ಲದೆ ಕುಳಿತಿದ್ದರೆ ಅಲ್ಲಿ ಪಾಠವು ಚೆನ್ನಾಗಿ ನಡೆಯುತ್ತಿದೆಯೆಂದು ನಂಬುವವರು ಬಹು ಮಂದಿ. “ಅಮ್ಮಾ, ಎರಡೇಟು ಹೊಡೆದಾದರೂ ಬುದ್ಧಿ ಕಲಿಸಿರಿ” ಎಂದು ಹೇಳುವ ತಾಯಿತಂದೆಗಳು ಇಂದಿಗೂ ಉಂಟು. ಬೆತ್ತಕ್ಕೆ ಈಗ ಎಡೆಯಿಲ್ಲ. 2009ನೆಯ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿನ ಮೈಗೆ ಮಾತ್ರವಲ್ಲ, ಮನಸ್ಸಿಗೆ ಹಿಂಸೆಯಾಗುವುದನ್ನೂ ನಿಷೇಧಿಸಿರುತ್ತದೆ. ಹಾಗಾದರೆ ನಲವತ್ತು ಮಂದಿ ಬಾಲಿಕೆಯರನ್ನು ಉಪಾಧ್ಯಾಯಿನಿಯು ಯಾವ ಬಲದಿಂದ ಆಳುವಳು?

ಅಮೆರಿಕದ ಜಾಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞರು ಅನೇಕ ತರಗತಿಗಳ ಚಿತ್ರಗಳನ್ನು ತೆಗೆಸಿ ಪರಿಶೀಲಿಸಿ, 1970ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತಪ್ಪು ನಡೆದ ಮೇಲೆ ಗದರಿಸುವ ರೀತಿಯಲ್ಲಿ ಸಮರ್ಥರಿಗೂ ಅಸಮರ್ಥರಿಗೂ ಹೇಳಿಕೊಳ್ಳುವಂತಹ ಭೇದವೇ ಅವರಿಗೆ ಕಾಣಲಿಲ್ಲ. ಭೇದವಿದ್ದುದು ತಪ್ಪು ಹುಟ್ಟುವುದಕ್ಕೆ ಮುಂಚೆ. ಸಮರ್ಥರ ಕಣ್ಣು ಇಡೀ ಕೊಠಡಿಯ ಮೇಲಿರುತ್ತಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಪಾಠವು ತಡೆಯಿಲ್ಲದೆ ಸಾಗುತ್ತಿತ್ತು. ಒಲೆಯ ಮೇಲೆ ಹಾಲಿಟ್ಟು, ಅಂಗಳದ ಕೂಸಿನ ಮೇಲೂ ಕಣ್ಣಿಟ್ಟಿರುವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಲಗೆಯ ಕಡೆಗೆ ಮುಖಮಾಡಿ ಹತ್ತು ನಿಮಿಷ ಬರೆಯುತ್ತಿದ್ದರೆ ಬೆನ್ನಹಿಂದೆ ಪಿಸುಮಾತು ಹುಟ್ಟದಿರುವುದೇ ಆಶ್ಚರ್ಯ. ಆದುದರಿಂದ ಬರೆಯಬೇಕಾದುದನ್ನು ಗಂಟೆ ಹೊಡೆಯುವ ಮೊದಲೇ ಬರೆದಿಡುವುದು ಲೇಸು. ಪಿಸುಮಾತು ಹುಟ್ಟಿದರೂ ಪಾಠವನ್ನು ನಿಲ್ಲಿಸದೆ ಆ ಬೆಂಚಿನ ಬಳಿ ಹೋಗಿ ನಿಂತರೆ ಸಾಕು.

ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಗದ್ದಲಕ್ಕಿಂತ ಮೌನವೇ ಹೆಚ್ಚು ಚಿಂತೆಯ ವಿಷಯ. ತಿಳಿದಿದ್ದರೂ ಬಾಯಿಬಿಡದ ಹುಡುಗಿಯನ್ನು ಮನೆಯವರು ಸಾಧುವೆಂದು ಹೊಗಳುವರು. ಅವಳು ವರ್ಷವೆಲ್ಲಾ ಗೋಡೆಯ ಮಗ್ಗುಲಲ್ಲಿ ಕುಳಿತೇ ಕಳೆಯುವಳು. ಮೇರಿ ಬಡ್ ರೋ ಎಂಬ ವಿದುಷಿಯು, ಉಪಾಧ್ಯಾಯರು ಪ್ರಶ್ನೆ ಕೇಳಿ ಸಾಮಾನ್ಯವಾಗಿ 1 ಸೆಕೆಂಡು ಮಾತ್ರ ಕಾಯುವರೆಂದು ಕಂಡುಹಿಡಿದರು. 3 ಸೆಕೆಂಡು ಕಾದಲ್ಲಿ ಉತ್ತರಗಳು ದೀರ್ಘವಾದವು, ಹಿಂದುಳಿದವರೆನಿಸಿಕೊಂಡವರೂ ಮಾತನಾಡಿದರು. ಕೈಯೆತ್ತಿ ಹಾತೊರೆಯುವವಳನ್ನು ಅಷ್ಟು ಹೊತ್ತು ತಡೆದಿರುವುದೂ ಆಳಿಕೆಯೇ.

ಮಾನಿಟರಳ ವಿಷಯವಾಗಿ ಒಂದು ಮಾತು. ಇದು ಪರದೇಶದಿಂದ ಬಂದ ಪದ್ಧತಿಯೆಂದು ಕೆಲವರು ಎಣಿಸುವರು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಗೆ ಬಂದ ಆಂಡ್ರೂ ಬೆಲ್ಲರು, ಈ ದೇಶದ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ನೋಡಿ, ಬಲ್ಲ ಮಕ್ಕಳಿಂದ ಉಳಿದವರಿಗೆ ಕಲಿಸುವ ಕ್ರಮವನ್ನು ಬೆಳೆಯಿಸಿದರು. ಅದು ಮದ್ರಾಸು ಪದ್ಧತಿಯೆಂಬ ಹೆಸರಿನಿಂದಲೇ ಇಂಗ್ಲೆಂಡಿಗೆ ಹೋಯಿತು. ಕಲಿಸುವುದಕ್ಕಾಗಿ ಹುಟ್ಟಿದ ಈ ಹುದ್ದೆಯು ಮಾತನಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಕೆಲಸಕ್ಕೆ ಇಳಿದದ್ದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಆ ಪಟ್ಟಿಯಲ್ಲಿ ಗೆಳತಿಯರ ಹೆಸರು ಬೀಳುತ್ತಿರಲಿಲ್ಲವೆಂಬುದೂ ನೆನಪಿರಬಹುದು! ನಮ್ಮಲ್ಲಿ ಈಗ ಮಾನಿಟರಳು ವಾರಕ್ಕೊಬ್ಬಳು. ಲೆಕ್ಕದಲ್ಲಿ ಹಿಂದೆ ಬಿದ್ದವಳ ಪಕ್ಕದಲ್ಲಿ ಕುಳಿತು ಹೇಳಿಕೊಡುವುದೇ ಅವಳ ಮೊದಲನೆಯ ಕೆಲಸ.