ತಾತ-ಅಜ್ಜಿಯ ಹೊಸ ವಿಳಾಸ

ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ವಯಸ್ಸಾದವರು ಸುಮ್ಮನೆ ಕೂರುವ ಪದ್ಧತಿ ಇರಲಿಲ್ಲ. ಮಗ್ಗದ ಮುಂದೆ ಕೂರಲಾಗದಷ್ಟು ಕಣ್ಣು ಮಂಜಾದ ಮೇಲೂ ಅಜ್ಜಿ ಕಂಡಿಕೆ ಸುತ್ತುತ್ತಿದ್ದರು. ತಾತ ಜಗಲಿಯ ಮೇಲೆ ಕುಳಿತು ಹೋಗಿ ಬರುವವರನ್ನು ಮಾತನಾಡಿಸುತ್ತಿದ್ದರು. ದೇವನಹಳ್ಳಿ ಕಡೆಯ ಚಕ್ಕೋತ, ದ್ರಾಕ್ಷಿ ತೋಟಗಳ ಕಾವಲಿಗೂ ಮನೆಯ ಹಿರಿಯರೇ. ಹಿರಿಯರು ಎಲ್ಲಿರಬೇಕು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುತ್ತಿರಲಿಲ್ಲ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಜಮೀನಿನ ಬೆಲೆ ಏರಿತು. ತೋಟಗಳಿದ್ದ ಕಡೆ ಬಡಾವಣೆಗಳು ಎದ್ದವು. ಅವುಗಳ ನಡುವೆ ಹಿರಿಯ ನಾಗರಿಕರಿಗೆಂದೇ ಕಟ್ಟಿದ ಮನೆಗಳೂ ಕಾಣಿಸಿಕೊಂಡವು. ದೇವನಹಳ್ಳಿಯ ಬ್ರಿಗೇಡ್ ಆರ್ಚರ್ಡ್ಸ್ ಬಡಾವಣೆಯ ‘ಪಾರ್ಕ್‌ಸೈಡ್’ ಇಂಥದ್ದೊಂದು ಪ್ರಯತ್ನ. ಇವುಗಳನ್ನು ಜನ ಈಗಲೂ ವೃದ್ಧಾಶ್ರಮ ಎಂದೇ ಕರೆಯುವುದುಂಟು. ಆದರೆ ಎರಡೂ ಒಂದಲ್ಲ. ನಿರ್ಗತಿಕ ಹಿರಿಯರಿಗೆ ಸರ್ಕಾರ ಅಥವಾ ಧರ್ಮಸಂಸ್ಥೆಗಳು ನಡೆಸುವ ಉಚಿತ ಆಶ್ರಯ ಒಂದು ಬಗೆ. ಹಣ ಕೊಟ್ಟು ಮನೆ ಕೊಂಡು ಅಥವಾ ಠೇವಣಿ ಇಟ್ಟು, ಊಟ, ಶುಚಿತ್ವ, ದಾದಿ, ಕಾವಲು ಇವುಗಳಿಗೆ ತಿಂಗಳ ಶುಲ್ಕ ಕಟ್ಟುತ್ತಾ ಬಾಳುವ ಹಿರಿಯರ ವಸತಿ ಸಮುಚ್ಚಯ ಇನ್ನೊಂದು ಬಗೆ.

ಒಳಗಿನವರ ಮಾತು

ಇಂಥ ಕಡೆ ವಾಸಿಸುವವರನ್ನು ಕೇಳಿದರೆ ಮೊದಲು ಬರುವ ಮಾತು ನೆಮ್ಮದಿಯದು. ರಾತ್ರಿ ಎದೆ ನೋವು ಬಂದರೆ ಗಂಟೆ ಒತ್ತಿದರೆ ಸಾಕು, ಯಾರಾದರೂ ಬರುತ್ತಾರೆ ಎಂಬ ಧೈರ್ಯ. ಹಾಲು, ಗ್ಯಾಸು, ಕರೆಂಟ್ ಬಿಲ್ಲಿನ ಓಡಾಟವಿಲ್ಲ. ಹೆಂಗಸರ ಮಾತು ಇನ್ನೂ ಸ್ಪಷ್ಟ. ಐವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ, ಬಡಿಸಿದ ತಟ್ಟೆಯ ಮುಂದೆ ಕೂರುವುದೇ ಒಂದು ನಿವೃತ್ತಿ.

ದೂರುಗಳಲ್ಲಿ ಮೊದಲ ಸ್ಥಾನ ಊಟಕ್ಕೆ. ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ರುಚಿಯಿಲ್ಲ. ಮುದ್ದೆ-ಬಸ್ಸಾರು ಉಂಡು ಬೆಳೆದವರಿಗೆ ವಾರವೆಲ್ಲಾ ಚಪಾತಿ ಬಂದರೆ ಬೇಸರವಾಗುವುದು ಸಹಜ. ಆದರೆ ಇದರಲ್ಲಿ ಅಡುಗೆಯವರ ತಪ್ಪು ಮಾತ್ರ ಇರುವುದಿಲ್ಲ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ವಯಸ್ಸಾದಂತೆ ಮೂಗಿನ ಈ ಶಕ್ತಿ ಕುಂದುತ್ತದೆ. ಕೆಲವು ಔಷಧಿಗಳೂ ನಾಲಿಗೆಯ ರುಚಿಯನ್ನು ಬದಲಿಸುತ್ತವೆ. ಮನೆಯಲ್ಲಿದ್ದಾಗಲೂ ತಾತ ಸೊಸೆಯ ಸಾರಿಗೆ ಉಪ್ಪು ಕೇಳುತ್ತಿದ್ದುದು ಇದೇ ಕಾರಣಕ್ಕಿರಬಹುದು.

ಇನ್ನೊಂದು ಕೊರಗು ಬಾಯಿಬಿಟ್ಟು ಹೇಳಲಾಗದ್ದು. ಸುತ್ತ ಇರುವವರೆಲ್ಲ ವಯಸ್ಸಾದವರೇ. ಮಕ್ಕಳ ಗಲಾಟೆ ಇಲ್ಲ. ನಿನ್ನೆ ಜೊತೆಯಲ್ಲಿ ಕಾಫಿ ಕುಡಿದವರು ಇಂದು ಇರುವುದಿಲ್ಲ. ಭಾಷೆಯ ತೊಡಕೂ ಉಂಟು. ನಾನಾ ರಾಜ್ಯಗಳಿಂದ ಬಂದವರ ನಡುವೆ ಕನ್ನಡವೊಂದೇ ಬಲ್ಲ ಅಜ್ಜಿ, ಅಷ್ಟು ಜನರಿದ್ದೂ ಒಂಟಿ.

ಹೊರಗಿನವರ ಮಾತು

ಮಕ್ಕಳ ಕಡೆಯ ಮಾತಿಗೂ ಎರಡು ಮುಖ. ಅಮೆರಿಕದಲ್ಲೋ ಪುಣೆಯಲ್ಲೋ ಇರುವ ಮಗನಿಗೆ ಈಗ ನಡುರಾತ್ರಿ ಫೋನ್ ಬಂದರೆ ಎದೆ ಅಷ್ಟು ಝಲ್ಲೆನ್ನುವುದಿಲ್ಲ. ವಿಮಾನ ನಿಲ್ದಾಣ ಹತ್ತಿರವಿರುವುದು ದೂರದ ಮಕ್ಕಳಿಗೆ ದೊಡ್ಡ ಅನುಕೂಲ. ಆದರೆ ಮದುವೆ ಮನೆಯಲ್ಲಿ ನೆಂಟರೊಬ್ಬರು ‘ಅಪ್ಪ-ಅಮ್ಮನನ್ನು ಆಶ್ರಮಕ್ಕೆ ಸೇರಿಸಿದೆಯಂತೆ’ ಎಂದು ಕೇಳಿದಾಗ ತಲೆ ತಗ್ಗುತ್ತದೆ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರ ನೋಡಿದವರಿಗೆ ಈ ಸಂಕಟ ಗೊತ್ತು. ಮರೆವಿನ ಕಾಯಿಲೆಯ ತಂದೆಯಾಗಿ ಅನಂತನಾಗ್ ಅಭಿನಯಿಸಿದ ಆ ಚಿತ್ರದಲ್ಲಿ, ಆರೈಕೆ ಕೇಂದ್ರದಲ್ಲಿದ್ದ ತಂದೆ ಕಳೆದುಹೋದ ಮೇಲೆಯೇ ಮಗ ಅವರನ್ನು ನಿಜವಾಗಿ ಹುಡುಕತೊಡಗುವುದು.

ಈ ಎಲ್ಲ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸುಖ-ದುಃಖವನ್ನು ನಿರ್ಧರಿಸುವುದು ಕಟ್ಟಡವೊಂದೇ ಅಲ್ಲ. ಒಂದೇ ಸಮುಚ್ಚಯದಲ್ಲಿ, ಒಂದೇ ಊಟ ಮಾಡುವವರಲ್ಲಿ ತಾವೇ ಬಂದವರು ಇರುತ್ತಾರೆ, ತಂದು ಬಿಡಲ್ಪಟ್ಟವರೂ ಇರುತ್ತಾರೆ. ನೋಡಿ, ಕೇಳಿ, ಯೋಚಿಸಿ ತಾವೇ ಬಂದವರಿಗೆ ಅದು ಹೊಸ ಊರು. ‘ಒಂದೆರಡು ದಿನ ಇದ್ದು ಬಾ’ ಎಂಬ ಮಾತು ನಂಬಿ ಬಂದವರಿಗೆ ಅದೇ ಜಾಗ ಬಂದೀಖಾನೆ.

ಸೇರುವ ಮುನ್ನ ಒಂದು ಲೆಕ್ಕ

ನಿರ್ಧಾರ ತಿಳಿದು ಮಾಡಿದ್ದಾಗಬೇಕಾದರೆ ಲೆಕ್ಕವೂ ತಿಳಿದಿರಬೇಕು. ಇದನ್ನು ಹೈಸ್ಕೂಲು ವಿದ್ಯಾರ್ಥಿಯೇ ಮಾಡಬಲ್ಲ. ಉದಾಹರಣೆಗೆ, ತಿಂಗಳ ಶುಲ್ಕ 30,000 ರೂಪಾಯಿ, ಅದು ವರ್ಷಕ್ಕೆ ಶೇಕಡಾ 8ರಂತೆ ಏರುತ್ತದೆ ಎಂದಿಟ್ಟುಕೊಳ್ಳಿ. 72ನ್ನು 8ರಿಂದ ಭಾಗಿಸಿದರೆ 9. ಅಂದರೆ ಸುಮಾರು 9 ವರ್ಷಗಳಲ್ಲಿ ಶುಲ್ಕ ಇಮ್ಮಡಿಯಾಗಿ 60,000 ಮುಟ್ಟುತ್ತದೆ. ತಾತನ ಪಿಂಚಣಿಯೂ ಇಂದು 30,000 ಇದ್ದು, ವರ್ಷಕ್ಕೆ ಶೇಕಡಾ 4ರಂತೆ ಏರಿದರೆ ಅದೇ 9 ವರ್ಷಕ್ಕೆ ಸುಮಾರು 42,700 ಆಗುತ್ತದೆ. ಉಳಿದ 17,300 ಎಲ್ಲಿಂದ? 70ರಲ್ಲಿ ಸೇರಿದವರಿಗೆ ಆಗ 79. ಆರೈಕೆ ಹೆಚ್ಚು ಬೇಕಾಗುವ ವಯಸ್ಸು. ಆದ್ದರಿಂದ ಶುಲ್ಕ ಎಷ್ಟು ಎಂದು ಕೇಳಿದರೆ ಸಾಲದು, ಅದು ಹೇಗೆ ಏರುತ್ತದೆ ಎಂಬುದು ಒಪ್ಪಂದದಲ್ಲಿ ಬರೆದಿದೆಯೇ ಎಂದೂ ಕೇಳಬೇಕು.

ನೋಡಲು ಹೋದಾಗ ಉದ್ಯಾನದ ಹೂವಿಗಿಂತ ಬಚ್ಚಲುಮನೆಯನ್ನು ಗಮನಿಸುವುದು ಲೇಸು. ಮುಪ್ಪಿನಲ್ಲಿ ಮೂಳೆ ಸವೆದಿರುತ್ತದೆ, ಸ್ನಾಯು ಸಡಿಲವಾಗಿರುತ್ತದೆ. ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಚೇತರಿಕೆ ಕಷ್ಟ. ನೆಲ ಜಾರದಂತಿದೆಯೇ? ಹಿಡಿದುಕೊಳ್ಳಲು ಸರಳು ಇದೆಯೇ? ಕೆಳಗೆ ಬಿದ್ದವರಿಗೂ ಗಂಟೆಯ ದಾರ ಎಟುಕುತ್ತದೆಯೇ? ಗಾಲಿಕುರ್ಚಿಯ ಇಳಿಜಾರಿಗೆ 1ಕ್ಕೆ 12 ಎಂಬ ಅಳತೆ ಉಂಟು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾಗಿದ್ದರೆ ಹತ್ತುವುದು ಕಷ್ಟ, ಇಳಿಯುವುದು ಅಪಾಯ.

ಕಾನೂನು ಏನು ಹೇಳುತ್ತದೆ?

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಕಟ್ಟಡ ಹೇಗಿರಬೇಕು, ಸೇವೆ ಹೇಗಿರಬೇಕು, ನಿವಾಸಿಗಳ ಹಕ್ಕುಗಳೇನು ಎಂಬುದನ್ನು ಅದು ಹೇಳುತ್ತದೆ. ಮಾದರಿ ಎಂದರೆ ರಾಜ್ಯಗಳಿಗೆ ಕೊಟ್ಟ ಸಲಹೆ. ಆದ್ದರಿಂದ ಕೊಳ್ಳುವವರ ಮೊದಲ ಕಾವಲು ಅವರ ಕೈಯಲ್ಲಿರುವ ಒಪ್ಪಂದ ಪತ್ರವೇ.

ಇನ್ನು 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನು ಪ್ರತಿ ಮನೆಯವರೂ ತಿಳಿದಿರಬೇಕು. ತಮ್ಮನ್ನು ತಾವು ಸಾಕಿಕೊಳ್ಳಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ‘ಮಕ್ಕಳು’ ಎಂಬ ಮಾತಿನಲ್ಲಿ ವಯಸ್ಕರಾದ ಮೊಮ್ಮಕ್ಕಳೂ ಸೇರುತ್ತಾರೆ ಎಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ. ಜಮೀನಿಗೆ ಬೆಲೆ ಬಂದಿರುವ ಈ ಸೀಮೆಯಲ್ಲಿ ಕಾಯ್ದೆಯ 23ನೇ ಪ್ರಕರಣ ಮುಖ್ಯ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದುಪಡಿಸಲು ಅವಕಾಶವಿದೆ. ಆದ್ದರಿಂದ ಷರತ್ತನ್ನು ಪತ್ರದಲ್ಲೇ ಬರೆಸುವುದು ಜಾಣತನ. ಸಲಹೆ, ಸಹಾಯ ಬೇಕಾದ ಹಿರಿಯರಿಗೆ 14567 ಎಂಬ ಉಚಿತ ಸಹಾಯವಾಣಿಯೂ ಇದೆ.

ಮೊಮ್ಮಕ್ಕಳ ಪಾಲು

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದರೆ ನೂರಕ್ಕೆ 8.6. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಅಂದಾಜು. ಇಂದು ಹತ್ತನೇ ತರಗತಿಯಲ್ಲಿರುವ ಹುಡುಗ-ಹುಡುಗಿಯರಿಗೆ ಆಗ ನಲವತ್ತರ ಆಸುಪಾಸು. ಆ ಐವರಲ್ಲಿ ಒಬ್ಬರು ಅವರ ಅಪ್ಪನೋ ಅಮ್ಮನೋ ಆಗಿರುತ್ತಾರೆ. ಇಂದು ತಾತನ ವಿಷಯದಲ್ಲಿ ಮನೆಯವರು ನಡೆದುಕೊಳ್ಳುವ ರೀತಿಯನ್ನು ಅವರು ನೋಡುತ್ತಲೇ ಇದ್ದಾರೆ.

ಹಿರಿಯರು ಈಗಾಗಲೇ ಬೇರೆ ಕಡೆ ಇದ್ದರೆ ಮೊಮ್ಮಕ್ಕಳಿಗೆ ಒಂದು ಸಣ್ಣ ಕೆಲಸವುಂಟು. ವಾರಕ್ಕೊಂದು ದಿನ, ಗೊತ್ತಾದ ಹೊತ್ತಿಗೆ ಫೋನ್ ಮಾಡುವುದು. ವಯಸ್ಸಾದವರ ಕಿವಿಗೆ ಮೊದಲು ತಪ್ಪಿಹೋಗುವುದು ಸ, ಶದಂಥ ಹೆಚ್ಚು ಕಂಪನಾಂಕದ ಧ್ವನಿಗಳು. ಆದ್ದರಿಂದ ಕೂಗುವುದಕ್ಕಿಂತ ನಿಧಾನವಾಗಿ, ಬಿಡಿಸಿ ಮಾತನಾಡಿದರೆ ಚೆನ್ನಾಗಿ ತಿಳಿಯುತ್ತದೆ.

ಇನ್ನೂ ನಿರ್ಧಾರ ಆಗಿಲ್ಲದ ಮನೆಯಲ್ಲಿ ಅವಸರ ಬೇಡ. ಹಿರಿಯರನ್ನೇ ಕರೆದುಕೊಂಡು ಹೋಗಿ ತೋರಿಸಬೇಕು. ಸಾಧ್ಯವಿದ್ದರೆ ಒಂದು ತಿಂಗಳು ಇದ್ದು ನೋಡಲಿ, ಹಿಡಿಸದಿದ್ದರೆ ಮರಳಿ ಬರಲು ಮನೆಯ ಬಾಗಿಲು ತೆರೆದಿರಲಿ. ಕರಪತ್ರ, ಬೆಲೆಪಟ್ಟಿಗಳನ್ನು ಮುಂದೆ ಹರಡಿಕೊಂಡು ಮನೆಯವರೆಲ್ಲ ಚರ್ಚೆಗೆ ಕೂತಾಗ, ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತವರ ಕಡೆ ತಿರುಗಿ ‘ನೀವೇನಂತೀರಿ, ತಾತ?’ ಎಂದು ಕೇಳಲು ಮನೆಯ ಅತಿ ಚಿಕ್ಕವರಿಗೂ ಹಕ್ಕಿದೆ. ಕೇಳಿದ ಮೇಲೆ ಅವರ ಉತ್ತರಕ್ಕೆ ಕಾಯುವುದು ದೊಡ್ಡವರ ಕರ್ತವ್ಯ.