ದುಡಿಮೆಯ ಹೊತ್ತು ಮತ್ತು ಹೃದಯದ ಆರೋಗ್ಯ



ಶರಣರು ನಡೆದಾಡಿದ ಈ ನಾಡಿನಲ್ಲಿ ಕಾಯಕಕ್ಕೆ ಹಿರಿದಾದ ಸ್ಥಾನವಿದೆ. ದುಡಿಯುವ ಕೈಗಳಿಂದಲೇ ಮನೆ ನಡೆಯುತ್ತದೆ, ಮಕ್ಕಳು ವಿದ್ಯೆ ಕಲಿಯುತ್ತಾರೆ, ಸಾಲ ತೀರುತ್ತದೆ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ದುಡಿಮೆಗೂ ಅನ್ವಯಿಸುತ್ತದೆ. ವಿಶ್ರಾಂತಿಯಿಲ್ಲದ ದೀರ್ಘ ದುಡಿಮೆಯು ಹೃದಯಕ್ಕೆ ಹೇಗೆ ಹಾನಿಯುಂಟುಮಾಡುತ್ತದೆ, ಅದನ್ನು ತಡೆಯಲು ಪತಿಪತ್ನಿಯರಿಬ್ಬರೂ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮನೆಯ ಲೆಕ್ಕ

ಕಮಲಾಪುರದ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಪತಿಯು ಪ್ರತಿದಿನ ಬಸ್ಸಿನಲ್ಲಿ ಕಲಬುರಗಿ ನಗರಕ್ಕೆ ಹೋಗಿ ತೊಗರಿಯ ದಾಲ್‌ಮಿಲ್ಲಿನಲ್ಲಿ ದಿನಕ್ಕೆ 10 ಗಂಟೆಯಂತೆ ವಾರಕ್ಕೆ ಆರು ದಿನ ಮೂಟೆ ಹೊರುತ್ತಾನೆ. ಒಟ್ಟು 60 ಗಂಟೆ. ಹೋಗಿಬರುವ ಪ್ರಯಾಣ ಬೇರೆ. ಪತ್ನಿಯು ಬಾಳೆಯ ತೋಟದಲ್ಲಿ ದಿನಕ್ಕೆ 8 ಗಂಟೆಯಂತೆ ಆರು ದಿನ ಕೂಲಿ ಮಾಡುತ್ತಾಳೆ. ಅದು 48 ಗಂಟೆ. ಲೆಕ್ಕ ಇಲ್ಲಿಗೇ ನಿಂತರೆ ಆಕೆಯ ದುಡಿಮೆ ಕಡಮೆಯೆಂದು ತೋರುತ್ತದೆ. ಆದರೆ ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ರೊಟ್ಟಿ ಬಡಿಯುವುದು, ನೀರು ತರುವುದು, ದನಕರು, ಮಕ್ಕಳು, ಹಿರಿಯರ ಆರೈಕೆ ಎಂದು ಏಳೂ ದಿನ ನಡೆಯುವ ಮನೆಗೆಲಸವೇ 42 ಗಂಟೆಯಾಗುತ್ತದೆ. ಎರಡೂ ಕೂಡಿದರೆ 90 ಗಂಟೆ. ಮನೆಗೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಆದರೆ ದೇಹವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಕೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯವು ಶೇಕಡ 17ರಷ್ಟು, ಪಾರ್ಶ್ವವಾಯುವಿನ, ಅಂದರೆ ಲಕ್ವ ಹೊಡೆಯುವ, ಅಪಾಯವು ಶೇಕಡ 35ರಷ್ಟು ಅಧಿಕ. 2016ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನರು ಈ ಕಾರಣದಿಂದ ಮೃತಪಟ್ಟರೆಂದು ಅಂದಾಜು ಮಾಡಲಾಗಿದೆ. ಮನೆಯೊಳಗಿನ ಕೂಲಿಯಿಲ್ಲದ ದುಡಿಮೆಯು ಈ ಲೆಕ್ಕದಲ್ಲಿ ಸೇರಿಲ್ಲವೆಂಬುದನ್ನು ಗಮನಿಸಬೇಕು.

ಹೃದಯಕ್ಕೆ ಆಗುವುದೇನು?

ಹೃದಯವು ಮುಷ್ಟಿಯಷ್ಟು ಗಾತ್ರದ ಮಾಂಸಖಂಡ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ನಿದ್ರೆಯ ವೇಳೆಯಲ್ಲಿ ಬಡಿತ ನಿಧಾನವಾಗಿ, ರಕ್ತದೊತ್ತಡ ಇಳಿಯುತ್ತದೆ. ಹೃದಯಕ್ಕೆ ದೊರೆಯುವ ವಿಶ್ರಾಂತಿ ಇದೊಂದೇ. ದುಡಿಮೆ ಬೆಳೆದಂತೆ ನಿದ್ರೆ ಕುಗ್ಗುತ್ತದೆ, ದೇಹದಲ್ಲಿ ಆತಂಕದ ರಸಗಳು ಇಳಿಯದೆ ಉಳಿಯುತ್ತವೆ, ರಕ್ತದೊತ್ತಡ ಏರಿದ ಮಟ್ಟದಲ್ಲಿಯೇ ನಿಲ್ಲುತ್ತದೆ, ರಕ್ತನಾಳಗಳು ಪೆಡಸಾಗುತ್ತವೆ. ಆಯಾಸ ಮರೆಯಲು ಬೀಡಿ, ತಂಬಾಕು, ಗುಟ್ಕಾ ಸೇರಿದರೆ ಹಾನಿ ಮತ್ತಷ್ಟು ಹೆಚ್ಚುತ್ತದೆ.

ಹೊಲದಲ್ಲಿ ದುಡಿಯುವವರಿಗೆ ಹೃದ್ರೋಗ ಬಾರದೆಂದು ಅನೇಕರು ನಂಬಿದ್ದಾರೆ. ದೇಹಶ್ರಮವು ಹೃದಯಕ್ಕೆ ಹಿತವೆಂಬುದು ನಿಜ. ಆದರೆ ಶ್ರಮದ ನಂತರ ವಿಶ್ರಾಂತಿ ದೊರೆತಾಗ ಮಾತ್ರ ಅದು ಬಲ ಕೊಡುತ್ತದೆ.

ನಮ್ಮ ಭಾಗದ ಬಿಸಿಲೂ ಹೃದಯದ ಮೇಲಿನ ಭಾರವನ್ನು ಹೆಚ್ಚಿಸುತ್ತದೆ. ಬೆವರಿ ನೀರು ಕಳೆದುಕೊಂಡ ದೇಹವನ್ನು ತಂಪಾಗಿರಿಸಲು ಹೃದಯವು ವೇಗವಾಗಿ ಬಡಿಯಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ಕ್ಕೆ ಬದಲಿಸುವ ಪದ್ಧತಿಯಿದೆ. ಹೊಲದ ಕೆಲಸಕ್ಕೂ ಈ ಕ್ರಮವೇ ಲೇಸು.

ನೀವು ಮಾಡಬೇಕಾದುದು

ಕೂಲಿ ಬಿಟ್ಟರೆ ಮನೆ ನಡೆಯದು ಎಂಬುದು ನಿಜವಾದ ಕಷ್ಟ. ಆದುದರಿಂದ ನಿಮ್ಮ ಕೈಯಲ್ಲಿರುವ ಹೊತ್ತಿನಿಂದ ಆರಂಭಿಸಿರಿ.

1. ಒಂದು ವಾರ ಇಬ್ಬರ ದುಡಿಮೆಯ ಗಂಟೆಗಳನ್ನೂ, ಮನೆಗೆಲಸ ಸೇರಿಸಿ, ಬರೆದಿಡಿರಿ. ಬೆಳೆದ ಮಕ್ಕಳಿಗೆ, ಗಂಡುಮಕ್ಕಳಿಗೂ ಸಹ, ಕೆಲಸ ಹಂಚಿರಿ. ನೀರು ತರುವುದು, ಪಾತ್ರೆ ತೊಳೆಯುವುದು ಹೆಣ್ಣಿಗೆ ಮಾತ್ರ ಮೀಸಲಲ್ಲ.

2. ಇಬ್ಬರೂ ರಾತ್ರಿ ಏಳು ಗಂಟೆ ನಿದ್ರಿಸಿರಿ. ವಾರದಲ್ಲಿ ಒಂದು ದಿನ ಹೆಚ್ಚಿನ ಕೂಲಿಯ ಆಸೆಯನ್ನು ಬಿಡಿರಿ.

3. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿರಿ. ರಕ್ತದೊತ್ತಡವು 140/90 ಅಥವಾ ಹೆಚ್ಚಿದ್ದರೆ ವೈದ್ಯರನ್ನು ಕಾಣಿರಿ. ಕೊಟ್ಟ ಮಾತ್ರೆಗಳನ್ನು ಹಿತವೆನಿಸಿತೆಂದು ನಿಲ್ಲಿಸಬೇಡಿರಿ.

4. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚೆಗಿಂತ ಹೆಚ್ಚು ಉಪ್ಪು ಬೇಡ. ಉಪ್ಪಿನಕಾಯಿ, ಹಪ್ಪಳ, ಚಟ್ನಿಯಲ್ಲಿರುವ ಉಪ್ಪೂ ಇದರಲ್ಲಿ ಸೇರಿದೆ.

ಅಪಾಯದ ಸೂಚನೆ

ಎದೆಯಲ್ಲಿ ಭಾರ ಅಥವಾ ಬಿಗಿತ, ತೋಳು, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಬ್ಬಸ ಕಂಡರೆ ಅದು ವಾಯುವೆಂದು ತಿಳಿದು ಮಲಗಬೇಡಿರಿ. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆ ವಾಕರಿಕೆ, ವಿಪರೀತ ಸುಸ್ತು ಮಾತ್ರ ಕಾಣಬಹುದು. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ರೋಗಿಯನ್ನು ನಡೆಸದೆ ಕೂಡಲೇ 108ಕ್ಕೆ ಕರೆ ಮಾಡಿರಿ.

ಹೃದಯಾಘಾತದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡುವ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿತು. ಕಲಬುರಗಿ ನಗರದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರ್ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಚಿಕಿತ್ಸೆ ಸಮೀಪದಲ್ಲಿಯೇ ಇದೆ. ಹೊತ್ತು ಕಳೆಯದೆ ತಲುಪುವುದು ನಿಮ್ಮ ಕೈಯಲ್ಲಿದೆ.

ದಂಪತಿಗಳೇ, ಸಂಸಾರವು ಎರಡು ಎತ್ತುಗಳ ಬಂಡಿ. ಒಂದು ಎತ್ತು ಕುಸಿದರೆ ಬಂಡಿಯ ಭಾರವೆಲ್ಲ ಇನ್ನೊಂದರ ಹೆಗಲಿಗೆ ಬೀಳುತ್ತದೆ. ಹೊಲದಿಂದ ಮರಳಿದ ಎತ್ತಿನ ನೊಗ ಇಳಿಸಿ, ಮೇವು ನೀರು ಕೊಟ್ಟು ಮಲಗಿಸುವ ನೀವು, ನಿಮ್ಮಿಬ್ಬರ ಹೃದಯಗಳಿಗೂ ಅಷ್ಟೇ ಕರುಣೆ ತೋರಿರಿ.