ಗುಂಡು ತಾಗದ ಸಾವು

ಅಕ್ಟೋಬರ್ ಕಳೆಯುವ ಹೊತ್ತಿಗೆ ಸೋನಮಾರ್ಗದಲ್ಲಿ ಬೆಳಕು ತಡವಾಗಿ ಹರಿಯುತ್ತದೆ. ಜೋಜಿಲಾ ದಾಟಿ ದ್ರಾಸ್, ಕಾರ್ಗಿಲ್ ಕಡೆ ಹೊರಟ ಸೇನಾ ಟ್ರಕ್ಕುಗಳು ಸಾಲಾಗಿ ನಿಂತಿವೆ. ಎಂಜಿನ್ನುಗಳು ಬಿಸಿಯಾಗಲೆಂದು ಗುರುಗುಟ್ಟುತ್ತಿವೆ, ಡೀಸೆಲ್ ಹೊಗೆ ಮೇಲೇಳದೆ ನೆಲ ಹಿಡಿದು ಹರಡಿದೆ, ಲಂಗರಿನ ಕಡೆಯಿಂದ ಸ್ಟೀಲ್ ಮಗ್ಗುಗಳಲ್ಲಿ ಚಹಾ ಬರುತ್ತಿದೆ. ಡ್ರೈವರೊಬ್ಬ ಗಾಡಿಗೆ ಸುತ್ತು ಹಾಕುತ್ತ ಒಂದೊಂದು ಟಯರಿಗೂ ಪಾನಾದಿಂದ ಬಡಿಯುತ್ತಾನೆ. ಗಾಳಿ ಸರಿಯಿದ್ದರೆ ಪಾನಾ ಪುಟಿದೇಳುತ್ತದೆ, ಇಲ್ಲದಿದ್ದರೆ ಸದ್ದು ಮೊದ್ದಾಗುತ್ತದೆ. ಕೋ-ಡ್ರೈವರ್ ಕೈಯಲ್ಲಿ ಮುಕ್ಕೋನದ ಮರದ ತುಂಡು. ಏರಿನಲ್ಲಿ ಗಾಡಿ ನಿಂತರೆ ಜಿಗಿದಿಳಿದು ಹಿಂಚಕ್ರಕ್ಕೆ ಅದನ್ನು ಕೊಡಬೇಕಾದವನು ಅವನೇ. ಟ್ರಕ್ಕಿನ ಹಿಂದಿನ ಆಕ್ಸಲ್ಲಿನ ಗುಂಡಗಿನ ಭಾಗಕ್ಕೆ ಬಿಳಿ ಬಣ್ಣ ಬಳಿದಿದ್ದಾರೆ. ಕತ್ತಲಲ್ಲಿ, ಮಂಜಿನಲ್ಲಿ ಹಿಂದೆ ಬರುವವನಿಗೆ ಮುಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂದು ತಿಳಿಯುವುದು ಆ ಬಿಳಿ ಉರುಟಿನಿಂದ.

ಹೊರಡುವ ಮುನ್ನ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಸುಬೇದಾರ್ ಸಾಹೇಬರು ಕೇಳಬೇಕಾದ ಮೊದಲ ಮಾತು, ‘ರಾತ್ರಿ ಎಷ್ಟು ತಾಸು ಮಲಗಿದ್ದೆ?’ ಬ್ರೇಕು, ದೀಪ, ಹಿಮದ ಚೈನು ಎಲ್ಲ ಆಮೇಲೆ. ‘ಸರಿಯಾಗಿ ನಿದ್ದೆ ಆಗಿಲ್ಲ ಸಾಬ್’ ಎಂದವನನ್ನು ಗದರದೆ ಪಕ್ಕಕ್ಕೆ ಕೂರಿಸಿ, ಸ್ಟೇರಿಂಗನ್ನು ಬೇರೊಬ್ಬನ ಕೈಗೆ ಕೊಡುವ ಹಿರಿಯರಿರುವ ಪಡೆಯನ್ನು ನಾನು ನಂಬುತ್ತೇನೆ. ಗಡಿಯ ದಾರಿಗಳಲ್ಲಿ ಆ ಒಂದು ಪ್ರಶ್ನೆಗಿಂತ ದೊಡ್ಡ ರಕ್ಷಾಕವಚ ಇಲ್ಲ.

ಏಕೆಂದರೆ ಈ ದಾರಿಗಳು ತಪ್ಪನ್ನು ಕ್ಷಮಿಸುವುದಿಲ್ಲ. 2022ರ ಡಿಸೆಂಬರ್ 23ರಂದು ಉತ್ತರ ಸಿಕ್ಕಿಂನ ಝೆಮಾದಲ್ಲಿ ಕಡಿದಾದ ತಿರುವಿನಲ್ಲಿ ಟ್ರಕ್ ಜಾರಿ 16 ಸೈನಿಕರು ಹೋದರು. 2023ರ ಆಗಸ್ಟ್‌ನಲ್ಲಿ ಲಡಾಖ್‌ನ ಕಿಯಾರಿ ಬಳಿ 9 ಮಂದಿ. 2024ರ ಜೂನ್ ಕೊನೆಯ ಒಂದು ರಾತ್ರಿ ಶ್ಯೋಕ್ ನದಿ ಒಮ್ಮೆಲೇ ಏರಿ, ದಾಟುತ್ತಿದ್ದ ಟ್ಯಾಂಕಿನಲ್ಲಿದ್ದ 5 ಮಂದಿ ಮುಳುಗಿದರು. ಅದೇ ವರ್ಷದ ಡಿಸೆಂಬರ್ 24ರಂದು ಪೂಂಛ್‌ನ ಬಲ್ನೋಯಿ ಬಳಿ ಮರಾಠಾ ಲಘು ಪದಾತಿ ದಳದ ವಾಹನ ಕಂದಕಕ್ಕೆ ಉರುಳಿತು. ಸತ್ತ ಐವರಲ್ಲಿ ಮೂವರು ನಮ್ಮವರು: ಬೆಳಗಾವಿ, ಬಾಗಲಕೋಟೆ, ಉಡುಪಿ ಜಿಲ್ಲೆಗಳ ಮಕ್ಕಳು. ಗಾಯಗೊಂಡಿದ್ದ ಕೊಡಗಿನ ಯೋಧರೊಬ್ಬರು ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಈ ಯಾವ ಜಾಗದಲ್ಲೂ ಶತ್ರುವಿನ ಬಂದೂಕು ಸಿಡಿದಿರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಊರಕಟ್ಟೆಯ ಮೇಲೆ ಒಂದೇ ಮಾತು: ‘ಹಣೆಬರಹ ರೀ, ಯಾರೇನ್ ಮಾಡಾಕ್ ಆಗತೈತಿ?’ ದುಃಖಕ್ಕೆ ಸಮಾಧಾನ ಬೇಕು, ಒಪ್ಪುತ್ತೇನೆ. ಆದರೆ ಅದನ್ನೇ ಕಾರಣವೆಂದು ನಾನು ಒಪ್ಪಲಾರೆ. ನಮ್ಮ ಸೇನೆಯೇ ಹಾಗೆ ಒಪ್ಪಿಕೊಂಡು ಕೂತಿದ್ದರೆ ಇಂದು ಲಡಾಖ್‌ನಲ್ಲಿ ಅರ್ಧ ಪಡೆ ಉಳಿಯುತ್ತಿರಲಿಲ್ಲ.

1962ರ ಚೀನಾ ಯುದ್ಧದ ಹೊತ್ತಿಗೆ ಬಯಲುಸೀಮೆಯ ಹುಡುಗರನ್ನು ನೇರವಾಗಿ ಬೆಟ್ಟಕ್ಕೆ ಸಾಗಿಸಿದರು. ಗಟ್ಟಿಮುಟ್ಟಾದ ಜವಾನರಿಗೆ ಮೊದಲು ಒಣ ಕೆಮ್ಮು, ಕೂತಲ್ಲೇ ಏದುಸಿರು, ರಾತ್ರಿಯಾಗುತ್ತಲೇ ಎದೆಯಲ್ಲಿ ಗೊರಗೊರ ಸದ್ದು, ಕೊನೆಗೆ ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಆಮ್ಲಜನಕ ಸಾಲದ ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುತ್ತಿತ್ತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇದನ್ನು ವಿಧಿಯೆಂದು ಬಿಡದೆ ಒಬ್ಬೊಬ್ಬ ರೋಗಿಯನ್ನೂ ದಾಖಲಿಸಿದರು. 11,000ದಿಂದ 18,000 ಅಡಿ ಎತ್ತರದಲ್ಲಿ ಕಾಯಿಲೆ ಬಿದ್ದ 1,925 ಸೈನಿಕರ ಕುರಿತ ಅವರ ವರದಿ 1969ರಲ್ಲಿ ಅಚ್ಚಾಯಿತು. ದೇಹವನ್ನು ಎತ್ತರಕ್ಕೆ ಒಗ್ಗಿಸುವ ಇಂದಿನ ನಿಯಮ ಬೆಳೆದದ್ದು ಇಂಥ ಕೆಲಸದಿಂದ: 9,000 ಅಡಿ ದಾಟಿದರೆ 6 ದಿನ, 12,000 ದಾಟಿದರೆ ಮತ್ತೆ 4, 15,000 ದಾಟಿದರೆ ಇನ್ನೂ 4. ಮೊದಲೆರಡು ದಿನ ಬರೀ ವಿಶ್ರಾಂತಿ. ಹೊಸ ರಂಗರೂಟನಿಗೂ ಅಧಿಕಾರಿಗೂ ಇದೇ ಲೆಕ್ಕ. ಊರಿಗೆ ಹೋಗಿ ಬಂದವನೂ ದೇಹವನ್ನು ಮತ್ತೆ ಒಗ್ಗಿಸಿಕೊಂಡೇ ಮೇಲೆ ಹತ್ತಬೇಕು.

ಸಿಯಾಚಿನ್‌ನಲ್ಲಿ 1984ರಿಂದೀಚೆಗೆ 800ಕ್ಕೂ ಹೆಚ್ಚು ಭಾರತೀಯ ಸೈನಿಕರು ಪ್ರಾಣ ಬಿಟ್ಟಿದ್ದಾರೆ. ಗುಂಡಿಗಿಂತ ಹಿಮ, ಚಳಿ, ಎತ್ತರಗಳೇ ಹೆಚ್ಚು ಜನರನ್ನು ಕೊಂದಿವೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕರ್ನಾಟಕ ಮರೆತಿಲ್ಲ. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಹೂತುಹೋದರು. ಐದು ದಿನಗಳ ನಂತರ ಅವರೊಬ್ಬರೇ ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಹಿಮಕುಸಿತವನ್ನು ತಡೆಯುವುದು ಮನುಷ್ಯನಿಂದ ಆಗದು. ಅದು ಎಲ್ಲಿ, ಯಾವಾಗ ಬರಬಹುದೆಂದು ಮುನ್ಸೂಚನೆ ಕೊಡುವುದು, ಠಾಣೆಯ ಜಾಗ ಬದಲಿಸುವುದು ಆಗುತ್ತದೆ.

ಚಳಿಯ ಇನ್ನೊಂದು ಸಾವು ಬೆಚ್ಚಗಿನ ಕೋಣೆಯಲ್ಲಿ ಬರುತ್ತದೆ. ಬಂಕರಿನ ನಡುವೆ ಬುಖಾರಿ ಎಂಬ ಸೀಮೆಎಣ್ಣೆಯ ಒಲೆ. ತಗಡಿನ ಮೈ ಕೆಂಪಗೆ ಕಾದಿದೆ, ಹೊಗೆಕೊಳವೆ ಛಾವಣಿ ತೂರಿ ಹೊರಗೆ ಹೋಗಿದೆ. ಸುತ್ತ ಒದ್ದೆ ಕಾಲುಚೀಲಗಳು ನೇತಾಡುತ್ತಿವೆ. ಹೊರಗೆ ಹಿಮ ಬಿದ್ದು ಕೊಳವೆಯ ಬಾಯಿ ಕಟ್ಟಿತೆಂದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಅದಕ್ಕೇ ಮಲಗುವ ಮುನ್ನ ಬುಖಾರಿ ಆರಿಸಿ ಗಾಳಿಗಿಂಡಿ ತೆರೆದಿಡಬೇಕೆಂಬ ಕಟ್ಟಪ್ಪಣೆ. ಮೈ ಕೊರೆಯುವ ರಾತ್ರಿಯಲ್ಲಿ ಬೆಂಕಿ ಆರಿಸಲು ಯಾರಿಗೂ ಮನಸ್ಸಾಗದು. ಪಹರೆಯವನು ಬಂದು ನೋಡಿಯೇ ಹೋಗಬೇಕು.

ಇಷ್ಟೆಲ್ಲ ಕಟ್ಟುನಿಟ್ಟಿನಲ್ಲಿ ಬದುಕಿದ ಜವಾನ ಸೂಟಿಗೆ ಊರಿಗೆ ಬರುತ್ತಾನೆ. ಜಮ್ಮುವಿನಿಂದ ದೆಹಲಿ, ದೆಹಲಿಯಿಂದ ಬೆಳಗಾವಿ, ಅಲ್ಲಿಂದ ಬಸ್ಸು. ಟ್ರಂಕು ಕಾಯುತ್ತ ಅರೆನಿದ್ದೆಯಲ್ಲಿ ಕಳೆದ ರಾತ್ರಿಗಳು. ಅವ್ವ ಹಚ್ಚಿದ ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಗೆಳೆಯರು ಬಾಗಿಲಲ್ಲಿ. ತಂಗಿಯ ಮದುವೆಯ ಕಾರ್ಡು ಹಂಚಬೇಕು, ಸವದತ್ತಿ ಯಲ್ಲಮ್ಮನಿಗೆ ಹೋಗಿಬರಬೇಕು, ಬ್ಯಾಂಕಿನ ಕೆಲಸ, ಹೊಲದ ಕೆಲಸ. ಬೈಕ್ ಹೊರಬೀಳುತ್ತದೆ, ಹೆಲ್ಮೆಟ್ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. ಕ್ಯಾಂಪಿನ ಗೇಟಿನಲ್ಲಿ ಹೆಲ್ಮೆಟ್ ಇಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲು ಬಿಡದ ಮಿಲಿಟರಿ ಪೊಲೀಸ್ ಇಲ್ಲಿಲ್ಲ. ಎಷ್ಟು ತಾಸು ಮಲಗಿದ್ದೆ ಎಂದು ಕೇಳುವ ಸುಬೇದಾರರೂ ಇಲ್ಲ. ಹೆಲ್ಮೆಟ್ ಬೈಕ್ ಸವಾರನ ಸಾವಿನ ಸಾಧ್ಯತೆಯನ್ನು ಶೇ 42ರಷ್ಟು, ತಲೆಗೆ ಪೆಟ್ಟಾಗುವುದನ್ನು ಶೇ 69ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದವರು ಲೆಕ್ಕ ಹಾಕಿದ್ದಾರೆ. ಇಷ್ಟು ಕೊಡುವ ವಸ್ತು ಮೊಳೆಗೆ ತೂಗುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಸೇನೆ ಮಾಡಬೇಕಾದದ್ದು ಇನ್ನೂ ಇದೆ. ಎತ್ತರದ ಗಾಳಿಯ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲದ ಕಾನೂನು ಇರುವಂತೆ ಡ್ರೈವರನ ನಿದ್ದೆಗೂ ಇರಲಿ. ತುರ್ತಿನ ಹೆಸರಿನಲ್ಲಿ ಅದನ್ನು ಮುರಿಯದಿರಲಿ. ಕಂದಕದಂಚಿನ ತಿರುವುಗಳಿಗೆ ತಡೆಗೋಡೆ ಬೇಗ ಬರಲಿ. ಒಂದೊಂದು ಅಪಘಾತದ ವಿಚಾರಣೆಯಿಂದ ಕಲಿತದ್ದು ಆ ಒಂದು ಪಡೆಯ ಕಡತದಲ್ಲೇ ಉಳಿಯದೆ ಎಲ್ಲ ಡ್ರೈವರುಗಳ ಕಿವಿಗೂ ಬೀಳಲಿ.

ಸೂಟಿಯ ದಿನಗಳ ಹೊಣೆ ಮಾತ್ರ ಮನೆಯವರದು. ನಿಮ್ಮ ಮನೆಗೂ ಸೈನಿಕ ಮಗನೋ ಅಳಿಯನೋ ತಮ್ಮನೋ ಬರುವವನಿದ್ದರೆ, ಬಂದ ದಿನ ಅವನನ್ನು ಮಲಗಲು ಬಿಡಿ. ಕಾರ್ಡು ನಾಳೆ ಹಂಚಿದರಾಯಿತು. ಬೈಕಿನ ಕೀಲಿ ಕೇಳಿದರೆ ಹೆಲ್ಮೆಟ್ ಜೊತೆಗೇ ಕೊಡಿ, ಅದನ್ನು ಹಾಕಿ ಪಟ್ಟಿ ಬಿಗಿದುಕೊಳ್ಳುವವರೆಗೆ ಬಾಗಿಲಲ್ಲೇ ನಿಂತಿರಿ.